ಎಂಜಿನ್ ಯಾರ ಪಾಲಾಯಿತು? ‘ಉಕ್ಕಿನ ಎತ್ತುಗಳು’ ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯ ಲೇಖಕರೇ,

ಎರಡನೇ ಮಹಾಯುದ್ಧದ ಭಾರಿ ಫಿರಂಗಿ ಟ್ರ್ಯಾಕ್ಟರುಗಳನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಹಾಗೆಂದು ಹಿಂದಿರುಗಿಸಲೂ ಮನಸ್ಸು ಬರುತ್ತಿಲ್ಲ. ಹದಿನಾಲ್ಕು ವಾಹನಗಳ ತೂಕ, ವೇಗ, ಅಶ್ವಶಕ್ತಿಗಳ ಪಟ್ಟಿಯ ನಡುವೆ, ಏಳನೆಯ ಪುಟದ ಒಂದು ಸಾಲಿನಲ್ಲಿ, ನೀವು ಬರೆಯಬೇಕಾಗಿದ್ದ ಲೇಖನ ಅವಿತು ಕುಳಿತಿದೆ. ‘1941ರಲ್ಲಿ ಖಾರ್ಕೊವ್‌ನಲ್ಲಿ ವೊರೊಶಿಲೊವೆಟ್ಸ್ ತಯಾರಿಕೆ ನಿಂತಿತು’ ಎಂದು ಸೋವಿಯತ್ ಒಕ್ಕೂಟದ ಆ ಭಾರಿ ಟ್ರ್ಯಾಕ್ಟರಿನ ಬಗ್ಗೆ ಹೇಳಿ ನೀವು ಮುಂದಿನ ವಾಹನಕ್ಕೆ ಹೋಗಿಬಿಟ್ಟಿರಿ. ಫಿರಂಗಿ ಎಳೆಯುವ ವಾಹನ ಅತ್ಯಂತ ಬೇಕಾಗಿದ್ದ ವರ್ಷದಲ್ಲಿಯೇ ಅದರ ತಯಾರಿಕೆ ಏಕೆ ನಿಂತಿತು ಎಂಬ ಪ್ರಶ್ನೆ ನಿಮ್ಮನ್ನು ಕಾಡಬೇಕಿತ್ತು.

ಉತ್ತರ ನಿಮ್ಮ ತಪ್ಪಿನಲ್ಲಿಯೇ ಇದೆ. ಕೋಷ್ಟಕದಲ್ಲಿ ವೊರೊಶಿಲೊವೆಟ್ಸ್‌ನ ಶಕ್ತಿ 500 ಅಶ್ವಶಕ್ತಿ ಎಂದು ಕೊಟ್ಟಿದ್ದೀರಿ. ಅದು ಟಿ-34 ಟ್ಯಾಂಕಿನ ವಿ-2 ಡೀಸೆಲ್ ಎಂಜಿನ್ನಿನ ಅಂಕಿ. ಟ್ರ್ಯಾಕ್ಟರಿನಲ್ಲಿ ಅದೇ ಎಂಜಿನ್ನನ್ನು 375 ಅಶ್ವಶಕ್ತಿಗೆ ಇಳಿಸಿ ಕೂರಿಸಿದ್ದರು. ಟ್ಯಾಂಕಿಗೂ ಟ್ರ್ಯಾಕ್ಟರಿಗೂ ಹೃದಯ ಒಂದೇ ಆಗಿದ್ದಾಗ, ಜರ್ಮನ್ ದಾಳಿ ಶುರುವಾದ ಮೇಲೆ ಕಾರ್ಖಾನೆಯಿಂದ ಹೊರಬಿದ್ದ ಎಂಜಿನ್ ಯಾವುದಕ್ಕೆ ಸಲ್ಲುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆ ಶರತ್ಕಾಲದಲ್ಲಿ ಖಾರ್ಕೊವ್ ಕಾರ್ಖಾನೆ ಉರಲ್ ಪ್ರಾಂತದ ನಿಜ್ನಿ ತಗೀಲ್‌ಗೆ ಸ್ಥಳಾಂತರಗೊಂಡಿತು. ಟ್ಯಾಂಕು ಜೊತೆಯಲ್ಲಿ ಹೋಯಿತು, ಟ್ರ್ಯಾಕ್ಟರು ಹೋಗಲಿಲ್ಲ. ಚೆಲ್ಯಾಬಿನ್ಸ್ಕ್‌ನ ಟ್ರ್ಯಾಕ್ಟರ್ ಕಾರ್ಖಾನೆಯೂ ಕೆವಿ ಎಂಬ ಭಾರಿ ಟ್ಯಾಂಕಿನ ಕೆಲಸಕ್ಕೆ ತಿರುಗಿತು. ಹೀಗಾಗಿ 203 ಮಿಲಿಮೀಟರಿನ ಬಿ-4 ಹೌವಿಟ್ಜರಿನಂಥ, ಕೊಳವೆಯನ್ನು ಬೇರೆಯಾಗಿ ಸಾಗಿಸಬೇಕಾದ ಫಿರಂಗಿಗಳನ್ನೂ ಹೊಲ ಉಳಲೆಂದು ಮಾಡಿದ ಎಸ್-65 ಟ್ರ್ಯಾಕ್ಟರಿಗೆ ಕಟ್ಟಬೇಕಾಗುತ್ತಿತ್ತು. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 7 ಕಿಲೋಮೀಟರ್. ಈ ಅಂಕಿ ನಿಮ್ಮ ಕೋಷ್ಟಕದಲ್ಲಿಯೂ ಇದೆ, ಆದರೆ ಸತ್ತಂತೆ ಬಿದ್ದಿದೆ. ಶತ್ರು ಬೆನ್ನಟ್ಟಿ ಬರುತ್ತಿರುವಾಗ ಚುರುಕಾಗಿ ನಡೆಯುವ ಮನುಷ್ಯನಿಗಿಂತ ತುಸುವೇ ಬೇಗ ಸಾಗುವ ವಾಹನಕ್ಕೆ ಟನ್‌ಗಟ್ಟಲೆ ಫಿರಂಗಿ ಕಟ್ಟಿಕೊಂಡು ಹಿಮ್ಮೆಟ್ಟುವುದೆಂದರೆ ಏನು ಎಂಬುದನ್ನು ಓದುಗರ ಮುಂದೆ ಇಡಿ.

ಯಾರೊಸ್ಲಾವ್ಲ್‌ನಲ್ಲಿ 1943ರಿಂದ ತಯಾರಾದ ಯಾ-12 ಟ್ರ್ಯಾಕ್ಟರನ್ನು ‘ಸಂಪೂರ್ಣ ಸ್ವದೇಶಿ’ ಎಂದು ಹೊಗಳಿರುವುದನ್ನು ದಯವಿಟ್ಟು ತೆಗೆಯಿರಿ. ಅದರಲ್ಲಿದ್ದದ್ದು ಅಮೆರಿಕದಿಂದ, ಮಿತ್ರರಾಷ್ಟ್ರಗಳಿಗೆ ಯುದ್ಧಸಾಮಗ್ರಿ ಒದಗಿಸುವ ಲೆಂಡ್-ಲೀಸ್ ಯೋಜನೆಯಲ್ಲಿ ಬಂದ ಜಿಎಂಸಿ ಡೀಸೆಲ್ ಎಂಜಿನ್. ಟ್ಯಾಂಕಿನ ಎಂಜಿನ್ ಸಿಗದವರು ಹಡಗಿನಲ್ಲಿ ಬಂದ ಎಂಜಿನ್ನಿನಿಂದ ಟ್ರ್ಯಾಕ್ಟರು ಕಟ್ಟಿದರು ಎಂಬುದು ನಿಮ್ಮ ಹೊಗಳಿಕೆಗಿಂತ ಎಷ್ಟೋ ಸ್ವಾರಸ್ಯದ ಮಾತು.

ಅಮೆರಿಕದ ಎಂ4 ಟ್ರ್ಯಾಕ್ಟರಿಗೆ ಎರಡು ಸಾಲು ಸಾಕು: ಕೃಷಿ ಟ್ರ್ಯಾಕ್ಟರು ಮಾಡುತ್ತಿದ್ದ ಆಲಿಸ್-ಚಾಮರ್ಸ್ ಕಂಪನಿ ಅದಕ್ಕೆ 210 ಅಶ್ವಶಕ್ತಿಯ ವಾಕೆಶಾ ಪೆಟ್ರೋಲ್ ಎಂಜಿನ್ ಹಾಕಿತು, ಟ್ಯಾಂಕಿನೊಂದಿಗೆ ಎಂಜಿನ್ ಹಂಚಿಕೊಳ್ಳುವ ಜಗಳವೇ ಅಲ್ಲಿ ಹುಟ್ಟಲಿಲ್ಲ. ಜರ್ಮನ್ ವಾಹನಗಳ ಮೂರು ಪುಟಗಳಲ್ಲಿ ನಾನು ಉಳಿಸಿಕೊಳ್ಳುವುದು ಒಂದೇ ಪ್ಯಾರಾ, ಮುಂದೆ ಗಾಲಿ, ಹಿಂದೆ ಸರಪಳಿ ಇರುವ ಅರ್ಧ ಸರಪಳಿಯ ವಾಹನಗಳ, ಸರಪಳಿಯೊಳಗಿನ ಚಕ್ರಗಳನ್ನು ಕುರಿತದ್ದು. ಒಂದರ ಹಿಂದೊಂದು ಹೆಣೆದಂತೆ ಜೋಡಿಸಿದ ಆ ಚಕ್ರಗಳ ನಡುವೆ ಹಗಲಲ್ಲಿ ಹೊಕ್ಕ ರಷ್ಯದ ಕೆಸರು ರಾತ್ರಿ ಹೆಪ್ಪುಗಟ್ಟಿ, ಬೆಳಗ್ಗೆ ವಾಹನ ಮಿಸುಕದಂತೆ ಹಿಡಿದುಕೊಳ್ಳುತ್ತಿತ್ತು. ರಷ್ಯದ ಚಳಿಗಾಲದ ಆ ಅನುಭವದಿಂದ ಬಂದ, ಗಂಟೆಗೆ 17 ಕಿಲೋಮೀಟರಿನ ಒರಟು ಜರ್ಮನ್ ಆರ್‌ಎಸ್‌ಒ ಟ್ರ್ಯಾಕ್ಟರನ್ನು ‘ಹಿನ್ನಡೆ’ ಎಂದು ನೀವು ಕರೆದಿರುವುದನ್ನು ನಾನು ಒಪ್ಪಲಾರೆ.

ಭಾಷೆಯ ವಿಷಯ. ‘ದೈತ್ಯ’ ಎಂಬ ಪದ ಹತ್ತೊಂಬತ್ತು ಕಡೆ ಇದೆ, ಎಣಿಸಿದ್ದೇನೆ. ವಾಹನದ ತೂಕವನ್ನು ಒಮ್ಮೆ ಹೇಳಿದ ಮೇಲೆ ಆ ಪದಕ್ಕೆ ಕೆಲಸವಿಲ್ಲ.

ಕೊನೆಯದಾಗಿ ಮೊದಲ ಪುಟದ ಚಿತ್ರ. ಅದು ವೊರೊಶಿಲೊವೆಟ್ಸ್ ಅಲ್ಲ, ಸ್ತಾಲಿನ್‌ಗ್ರಾದ್‌ನ ಎಸ್‌ಟಿಜೆಡ್-5. ಹಿಂಬದಿಯಲ್ಲಿ ಕಾಣುವವು ಕತ್ಯೂಶಾ ರಾಕೆಟ್ಟುಗಳನ್ನು ಹಾರಿಸುವ ಹಳಿಗಳು. ಈ ಪುಟ್ಟ ಟ್ರ್ಯಾಕ್ಟರಿನ ಎಂಜಿನ್ ಕ್ಯಾಬಿನ್ನಿನೊಳಗೇ, ಚಾಲಕ ಮತ್ತು ಕಮಾಂಡರರ ಆಸನಗಳ ನಡುವೆ ಇತ್ತು. ಪೆಟ್ರೋಲಿನಲ್ಲಿ ಶುರು ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕಿತ್ತು. ನಮ್ಮ ಹಳೆಯ ಸೀಮೆಎಣ್ಣೆ ಪಂಪ್‌ಸೆಟ್ಟಿನ ಹಗ್ಗ ಎಳೆದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ, ಆದ್ದರಿಂದ ಲೇಖನವನ್ನು ಇಲ್ಲಿಂದಲೇ ಆರಂಭಿಸಬಹುದು. ಕೋಷ್ಟಕ ಬೇಡ, ಐದು ಪುಟ ಮೀರುವುದು ಬೇಡ. ಮುಂದಿನ ತಿಂಗಳ 10ರೊಳಗೆ ಕಳುಹಿಸಿದರೆ ಮತ್ತೊಮ್ಮೆ ಓದುತ್ತೇನೆ.

ಇತಿ,
ಸಂಪಾದಕ