ವಾಲಿದ ನೆಲದ ಮನೆಯನ್ನು ಬಾಡಿಗೆಗೆ ಹಿಡಿಯಬಹುದೇ?

ಸಫೊಕ್‌ನ ಹಳ್ಳಿಯೊಂದರಲ್ಲಿ ಹಳೆಯ ಫಾರ್ಮ್‌ಹೌಸ್ ಬಾಡಿಗೆಗೆ ಸಿಗುತ್ತಿದೆ ಎಂದು ಬರೆದಿದ್ದೀರಿ. ಮುಂದೆ ಇಟ್ಟಿಗೆ, ಹಿಂದೆ ಮರ ಮತ್ತು ಗಾರೆ. ಮಹಡಿಯ ನೆಲ ಒಂದು ಕಡೆಗೆ ವಾಲಿದೆ. ಕೆಳಗಿನ ಕೋಣೆಯ ತೊಲೆ ನಿಮ್ಮ ಯಜಮಾನರ ಹಣೆಗೆ ತಗಲುತ್ತದೆ. ಇಂಗ್ಲೆಂಡಿಗೆ ಈಗಷ್ಟೇ ಬಂದವರಿಗೆ, ಅದರಲ್ಲೂ ಚಿಕ್ಕ ಮಕ್ಕಳಿರುವವರಿಗೆ ಇಂಥ ಮನೆ ಆದೀತೇ, ಬಿದ್ದುಹೋದರೆ ಗತಿಯೇನು ಎಂದು ಕೇಳಿದ್ದೀರಿ. ಈ ಸೀಮೆಯ ಹಳೆಯ ಮನೆಗಳಲ್ಲೇ ಬಹುಕಾಲ ಬಾಳಿದವಳಾಗಿ ಹೇಳುತ್ತೇನೆ: ವಾಲಿದ ನೆಲಕ್ಕೆ ಹೆದರಬೇಡಿ. ಸಿಮೆಂಟಿಗೆ ಹೆದರಿ.

ಈ ಮನೆಗಳ ಚೌಕಟ್ಟು ಹಸಿ ಓಕ್ ಮರದ್ದು. ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ, ಆದ್ದರಿಂದ ಹಸಿಯಿರುವಾಗಲೇ ಕೆತ್ತುತ್ತಿದ್ದರು. ಬಡಗಿ ಇಡೀ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ, ಕೀಲುಗಳಿಗೆ ರೋಮನ್ ಅಂಕಿ ಗೀಚಿ, ಮತ್ತೆ ಬಿಚ್ಚಿ, ಕಟ್ಟುವ ಜಾಗಕ್ಕೆ ಒಯ್ದು ನಿಲ್ಲಿಸುತ್ತಿದ್ದ. ಕಂಬ ಮತ್ತು ತೊಲೆ ಕೂಡುವಲ್ಲಿ ಟಾರ್ಚ್ ಅನ್ನು ಓರೆಯಾಗಿ ಹಿಡಿದರೆ ಆ ಗೀಟುಗಳು ಇಂದಿಗೂ ಕಾಣಬಹುದು. ಮರ ಒಣಗಿದ್ದು ಮನೆ ನಿಂತ ಮೇಲೆ. ಒಣಗುತ್ತಾ ತಿರುಚಿಕೊಂಡಿತು, ಬಾಗಿತು, ಜೊತೆಗೇ ಕಬ್ಬಿಣದಂತೆ ಗಟ್ಟಿಯಾಯಿತು. ನಿಮ್ಮ ಮಹಡಿ ವಾಲಿದ್ದು ಬಹುಶಃ ನೂರಾರು ವರ್ಷಗಳ ಹಿಂದೆಯೇ. ಹೊಸದಾಗಿ ಬಿಟ್ಟ ಬಿರುಕೋ, ಈಚೆಗೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತಿರುವ ಬಾಗಿಲೋ ಇದ್ದರೆ ಮಾತ್ರ ವಿಚಾರಿಸಬೇಕು.

ತೊಲೆ ಅಷ್ಟು ತಗ್ಗಿನಲ್ಲಿ ಏಕಿದೆ ಎಂಬುದರ ಉತ್ತರ ಅಟ್ಟದಲ್ಲಿದೆ. ಮಾಲೀಕರ ಅನುಮತಿ ಪಡೆದು ಅಲ್ಲಿಗೆ ಹತ್ತಿ ಮಾಡಿನ ಮರಗಳನ್ನು ನೋಡಿ. ನಡುವಿನ ಅಂಕಣದ ಮರಗಳು ಮಸಿ ಹಿಡಿದು ಕಪ್ಪಾಗಿದ್ದು, ಎರಡೂ ತುದಿಯವು ಹಾಗಿಲ್ಲದಿದ್ದರೆ ನಿಮ್ಮ ಮನೆ ಮಧ್ಯಯುಗದ್ದು. ಆಗ ನಡುವಿನ ಪಡಸಾಲೆಗೆ ಮಹಡಿಯೂ ಇರಲಿಲ್ಲ, ಚಿಮಣಿಯೂ ಇರಲಿಲ್ಲ. ನೆಲದ ನಡುವೆ ಬೆಂಕಿ ಉರಿಯುತ್ತಿತ್ತು, ಹೊಗೆ ಮಾಡಿನವರೆಗೆ ಏರಿ ಸಂದಿಗಳಿಂದ ಹೊರಹೋಗುತ್ತಿತ್ತು. ಕಿಟಕಿಗೆ ಗಾಜಿಲ್ಲ, ಮರದ ಸರಳು ಮತ್ತು ಕದ ಮಾತ್ರ. 16ನೇ ಶತಮಾನದಲ್ಲಿ ಇಟ್ಟಿಗೆಯ ಚಿಮಣಿ ರೈತರ ಮನೆಗಳಿಗೂ ಬಂತು. ಹೊಗೆ ಒಂದು ಗೂಡಿನೊಳಗೆ ಹೋದ ಕೂಡಲೇ ಮೇಲಿನ ಎತ್ತರವೆಲ್ಲ ಬಳಕೆಗೆ ಸಿಕ್ಕಿತು. ನಡುವೆ ದಪ್ಪ ತೊಲೆ ಹಾಯಿಸಿ, ಜಂತಿ ಕೂರಿಸಿ, ಮಲಗುವ ಕೋಣೆಗಳನ್ನು ಮಾಡಿಕೊಂಡರು. ಹಣೆಗೆ ತಗಲುವ ಆ ತೊಲೆ ಹೀಗೆ ಆಮೇಲೆ ಬಂದು ಸೇರಿದ್ದು. ಒಲೆಯ ಗೋಡೆಯ ಹತ್ತಿರವೇ ಇಕ್ಕಟ್ಟಾದ ಮೆಟ್ಟಿಲು ಸುತ್ತಿಕೊಂಡಿದ್ದರೆ ಅದೂ ಚಿಮಣಿಯ ಕಾಲದ್ದೇ ಇರಬಹುದು.

ಚಿಮಣಿ ಬರುವ ಮುಂಚಿನ ರೂಪವನ್ನು ಕಣ್ಣಾರೆ ನೋಡಬೇಕೆಂದರೆ ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕೆಂಟ್‌ನ ಚಿಡಿಂಗ್‌ಸ್ಟನ್‌ನಲ್ಲಿದ್ದ ಬೇಲೀಫ್ ಎಂಬ 15ನೇ ಶತಮಾನದ ಮನೆ ಬೋ ಬೀಚ್ ಜಲಾಶಯದಲ್ಲಿ ಮುಳುಗುವುದಿತ್ತು. ಅದನ್ನು ಬಿಚ್ಚಿ ತಂದು ಅಲ್ಲಿ ನಿಲ್ಲಿಸಿದ್ದಾರೆ. ಆಮೇಲೆ ಸೇರಿದ ಚಿಮಣಿಯನ್ನು ಕೈಬಿಟ್ಟು, ನಡುವೆ ಬೆಂಕಿಯಿದ್ದ ಪಡಸಾಲೆಯನ್ನು ಮರಳಿ ಕಟ್ಟಿದ್ದಾರೆ. ಒಳಗೆ ನಿಂತು ತಲೆಯೆತ್ತಿದರೆ ನಿಮ್ಮ ಮನೆಯ ಅರ್ಧ ಕಥೆ ತಿಳಿಯುತ್ತದೆ.

ಮುಂದಿನ ಇಟ್ಟಿಗೆ ಗೋಡೆ 18ನೇ ಶತಮಾನದ ಫ್ಯಾಷನ್ ಆಗಿರಬೇಕು. ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಹಳೆಯ ಚೌಕಟ್ಟಿನ ಎದುರಿಗೆ ಇಟ್ಟಿಗೆಯ ಹೊದಿಕೆ ಎಬ್ಬಿಸಿ, ಸಮ ಅಂತರದಲ್ಲಿ ಎತ್ತರದ ಕಿಟಕಿಗಳನ್ನು ಇಡುತ್ತಿದ್ದರು. ದಾರಿಗೆ ಕಾಣದ ಹಿಂಭಾಗವನ್ನು ಇದ್ದಂತೆಯೇ ಬಿಡುತ್ತಿದ್ದರು. ಇಟ್ಟಿಗೆಯಿಂದ ಮುಚ್ಚಿದ ಕಿಟಕಿ ಕಂಡರೆ, ಕಿಟಕಿಗಳ ಎಣಿಕೆಯ ಮೇಲೆ 1696ರಿಂದ 1851ರವರೆಗೆ ಇದ್ದ ತೆರಿಗೆಯ ಕಥೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಎಲ್ಲ ಕುರುಡು ಕಿಟಕಿಗಳಿಗೂ ತೆರಿಗೆಯೇ ಕಾರಣವಲ್ಲ. ಎಷ್ಟೋ ಕಡೆ ಮುಖಭಾಗ ಎರಡೂ ಬದಿ ಸರಿಹೊಂದಲೆಂದೇ ಹಾಗೆ ಕಟ್ಟಿರುತ್ತಾರೆ.

ಹಿಂಭಾಗದ ಗೋಡೆ ನಿಮಗೆ ಪರಿಚಯವಿರುವಂಥದ್ದೇ. ಕಂಬಗಳ ನಡುವೆ ಕಡ್ಡಿಯ ತಡಿಕೆ, ಅದಕ್ಕೆ ಮಣ್ಣು, ಹುಲ್ಲು ಮತ್ತು ಸಗಣಿ ಕಲಸಿ ಮೆತ್ತಿ, ಮೇಲೆ ಸುಣ್ಣದ ಗಾರೆ. ಮಲೆನಾಡಿನ ಅಜ್ಜಿಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ಗೋಡೆ ಮಳೆಯಲ್ಲಿ ತೇವ ಹೀರುತ್ತದೆ, ಗಾಳಿಗೆ ಒಣಗುತ್ತದೆ. 20ನೇ ಶತಮಾನದಲ್ಲಿ ಅನೇಕರು ಇದಕ್ಕೆ ಸಿಮೆಂಟ್ ಬಳಿದು, ಪ್ಲಾಸ್ಟಿಕ್ ಬಣ್ಣ ಹೊಡೆದರು. ಕೂದಲೆಳೆಯ ಬಿರುಕಿನಿಂದ ಒಳಹೋದ ನೀರು ಹೊರಬರಲಾಗದೆ ನಿಂತು, ಶತಮಾನಗಳನ್ನು ತಡೆದುಕೊಂಡ ಓಕ್ ಅಡಿದಿಮ್ಮಿಯನ್ನು ಕೊಳೆಸಿತು. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹಿಂದಿನವರೂ ಮನೆಯನ್ನು ಬದಲಿಸಿದರು, ಆದರೆ ಗೋಡೆ ಒಣಗುವ ದಾರಿಯನ್ನು ಕಟ್ಟಿಹಾಕಲಿಲ್ಲ.

ಆದ್ದರಿಂದ ಮಳೆ ಬಂದ ಮರುದಿನ ಮನೆ ನೋಡಲು ಹೋಗಿ. ಹೊರಗೋಡೆಯ ಬುಡದಲ್ಲಿ ಗಟ್ಟಿ ಬೂದು ಸಿಮೆಂಟ್ ಇದೆಯೇ, ಒಳಗೆ ಅದೇ ಜಾಗದಲ್ಲಿ ಬಣ್ಣ ಉಬ್ಬಿದೆಯೇ, ಮಾಡಿನ ನೀರಿನ ದೋಣಿ ಸೋರುತ್ತಿದೆಯೇ ನೋಡಿ. ವಾಸಕ್ಕೆ ಬಂದ ಮೇಲೆ ನಿಮ್ಮ ಪಾಲಿನ ಕೆಲಸವೂ ಇದೆ. ನಮ್ಮ ಅಡುಗೆಯಲ್ಲಿ ಇಡ್ಲಿ, ಅನ್ನ, ಕುಕ್ಕರ್ ಎಂದು ಹಬೆ ಹೆಚ್ಚು. ಚಳಿಯೆಂದು ಕಿಟಕಿ ಮುಚ್ಚಿಟ್ಟರೆ ಬೂಷ್ಟು ಖಂಡಿತ. ಬೀರುವನ್ನು ಹೊರಗೋಡೆಗೆ ಅಂಟಿಸಿ ಇಡಬೇಡಿ, ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕಬೇಡಿ. ಹಳ್ಳಿಯಾದ್ದರಿಂದ ಕೊಳವೆ ಗ್ಯಾಸ್ ಇಲ್ಲದೆ ಎಣ್ಣೆಯ ಬಾಯ್ಲರ್ ಇರಬಹುದು, ಒಂಟಿ ಗಾಜಿನ ಕಿಟಕಿಗಳಿಂದ ಶಾಖ ಸೋರುತ್ತದೆ. ಬಾಡಿಗೆಯ ಜೊತೆಗೆ ಆ ಖರ್ಚನ್ನೂ ಲೆಕ್ಕ ಹಾಕಿ.

ಮನೆ ಗ್ರೇಡ್ 2 ಪಟ್ಟಿಯಲ್ಲಿದೆ, ಅಂದರೆ ಕಾನೂನಿನ ರಕ್ಷಣೆಯಿರುವ ಹಳೆಯ ಕಟ್ಟಡಗಳಲ್ಲೊಂದು, ಎಂದು ಏಜೆಂಟ್ ಹೇಳಿದ್ದಾರಲ್ಲ, ಆ ರಕ್ಷಣೆ ಹೊರಗಷ್ಟೇ ಅಲ್ಲ, ಒಳಗಿನ ಮೆಟ್ಟಿಲು, ಗಾರೆ, ಒಲೆಗೂ ಅನ್ವಯಿಸುತ್ತದೆ. ಸ್ಥಳೀಯ ಆಡಳಿತದ ಒಪ್ಪಿಗೆಯಿಲ್ಲದೆ ಮನೆಯ ಸ್ವರೂಪ ಬದಲಿಸುವುದು ಅಪರಾಧ. ಎರಡು ವರ್ಷದವರೆಗೆ ಜೈಲು ಆಗಬಹುದು. ಮೊಳೆ ಹೊಡೆಯುವ ಮೊದಲೂ ಮಾಲೀಕರನ್ನು ಕೇಳಿ, ದೇವರ ಮಂಟಪವನ್ನು ನೆಲದ ಮೇಲೆ ನಿಲ್ಲುವಂಥದ್ದೇ ತನ್ನಿ, ದೀಪವನ್ನು ಮರದಿಂದ ದೂರವಿಡಿ. ಒಲೆಯ ಮೇಲಿನ ತೊಲೆಯಲ್ಲಿ ಕೈವಾರದಿಂದ ಕೊರೆದ ಆರೆಸಳಿನ ಹೂವೋ ಹನಿಯಾಕಾರದ ಸುಟ್ಟ ಗುರುತೋ ಕಂಡರೆ ಉಜ್ಜಿ ತೆಗೆಯಬೇಡಿ. ಕೆಡುಕು ಒಳಬಾರದಿರಲೆಂದು ಹಿಂದಿನವರು ಬೇಕೆಂದೇ ಮಾಡಿದ ಗುರುತುಗಳಿರಬಹುದು ಅವು.

ಹಳೆಯ ಕಟ್ಟಡಗಳ ಈ ಪಟ್ಟಿಯನ್ನು ನೋಡಿಕೊಳ್ಳುವ ಹಿಸ್ಟಾರಿಕ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆಯ ಪಟ್ಟಿಯಲ್ಲಿ ಆ ಮನೆಯ ವಿವರಣೆ ಉಚಿತವಾಗಿ ಸಿಗುತ್ತದೆ. ಯಾವ ಭಾಗ ಯಾವ ಶತಮಾನದ್ದು ಎಂದು ಹಲವು ಸಲ ಅದರಲ್ಲೇ ಇರುತ್ತದೆ. ಅದನ್ನು ಓದಿಕೊಂಡು ಹೋಗಿ. ಕರಾರಿಗೆ ಸಹಿ ಹಾಕುವ ಮೊದಲು ಮಾಲೀಕರನ್ನು ಎರಡು ಮಾತು ಕೇಳಿ: ಗೋಡೆಗಳ ದುರಸ್ತಿಗೆ ಸುಣ್ಣ ಬಳಸಿದ್ದೀರೋ ಸಿಮೆಂಟೋ, ಚಿಮಣಿಯನ್ನು ಕೊನೆಯ ಬಾರಿ ಗುಡಿಸಿದ್ದು ಯಾವಾಗ. ಎರಡಕ್ಕೂ ತಡವರಿಸದೆ ಉತ್ತರ ಬಂದರೆ ಮನೆ ಹಿಡಿಯಿರಿ.