ಓದುಗರ ಪ್ರಶ್ನೆ: ಜೆರಾಕ್ಸ್ ನೋಟ್ಸಿಗೂ ಲೈಸೆನ್ಸ್ ಬೇಕಾ?

ಪ್ರಶ್ನೆ: ನಾನು ಹಾಸನ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಿಲಬಸ್‌ಗೆ ಬೇಕಾದ ಅಧ್ಯಾಯಗಳನ್ನು ಐದಾರು ಪುಸ್ತಕಗಳಿಂದ ಆರಿಸಿ, ಜೆರಾಕ್ಸ್ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ ಮಕ್ಕಳಿಗೆ ಕೊಡುತ್ತೇನೆ. 'ಇದಕ್ಕೆ ಲೈಸೆನ್ಸ್ ಬೇಕಂತೆ, ಇಲ್ಲದಿದ್ರೆ ಕೇಸ್ ಹಾಕ್ತಾರಂತೆ, ನಿಲ್ಲಿಸಿಬಿಡಿ' ಅಂತ ಪ್ರಾಂಶುಪಾಲರು ಹೇಳುತ್ತಿದ್ದಾರೆ. ನಿಜವೇ?

ಉತ್ತರ: ನಿಲ್ಲಿಸಬೇಡಿ ಮೇಡಂ. ಕೇಸ್ ಬಿದ್ದಿದ್ದು ನಿಜ. ಅದು ಹೇಗೆ ಮುಗಿಯಿತು ಅನ್ನುವುದು ಮಾತ್ರ ನಿಮ್ಮ ಪ್ರಾಂಶುಪಾಲರ ಕಿವಿಗೆ ಬಿದ್ದ ಹಾಗಿಲ್ಲ.

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಫೋಟೊಕಾಪಿ ಸರ್ವಿಸ್ ಅಂತ ಒಂದು ಪುಟ್ಟ ಅಂಗಡಿ. ಪುಟಕ್ಕೆ 40 ಪೈಸೆಯಂತೆ ಕೋರ್ಸ್ ಪ್ಯಾಕ್ ಮಾಡಿಕೊಡುತ್ತಿತ್ತು, ಅಂದರೆ ನೀವು ಮಾಡುತ್ತಿರುವುದೇ. 2012ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್, ಈ ಮೂವರು ಪುಸ್ತಕ ಪ್ರಕಾಶಕರೂ ಸೇರಿ ಆ ಅಂಗಡಿ ಮತ್ತು ದೆಹಲಿ ವಿಶ್ವವಿದ್ಯಾಲಯದ ಮೇಲೆ ದಾವೆ ಹಾಕಿದರು. ಎಷ್ಟಕ್ಕೆ ಗೊತ್ತೇ? 60 ಲಕ್ಷ ರೂಪಾಯಿ ಪರಿಹಾರಕ್ಕೆ! ಅವರಿಗೆ ನಿಜವಾಗಿ ಬೇಕಿದ್ದದ್ದು ವಿಶ್ವವಿದ್ಯಾಲಯ ವರ್ಷ ವರ್ಷ ಲೈಸೆನ್ಸ್ ತೆಗೆದುಕೊಳ್ಳಲಿ ಅನ್ನುವುದು, ಅಂಗಡಿಯವನು ಸುಮ್ನೆ ನೆಪ ಅಂತ ನನ್ನ ಲೆಕ್ಕ. ಅಮರ್ತ್ಯ ಸೇನ್ ಅವರಂಥ ಆಕ್ಸ್‌ಫರ್ಡ್‌ನ ಲೇಖಕರೇ ಹೀಗೆ ಮಾಡಬೇಡಿ ಅಂತ ಪತ್ರ ಬರೆದರೂ ಕೇಸ್ ನಡೆದೇ ನಡೆಯಿತು.

2016ರ ಸೆಪ್ಟೆಂಬರ್ 16ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆಯನ್ನು ವಜಾ ಮಾಡಿದರು. ಆ ತೀರ್ಪಿನಲ್ಲಿ ಒಂದು ಮಾತು ಬರುತ್ತದೆ, ನನಗೆ ಬಹಳ ಇಷ್ಟ. ತಾವು ಕಾನೂನು ಓದುವಾಗ ಜೆರಾಕ್ಸ್ ದುಬಾರಿ, ಹಾಗಾಗಿ ಹುಡುಗರು ಸರದಿ ಮೇಲೆ ಲೈಬ್ರರಿಯಲ್ಲಿ ಕೂತು ಅಧ್ಯಾಯಗಟ್ಟಲೆ ಕೈಯಲ್ಲೇ ಬರೆದುಕೊಳ್ಳುತ್ತಿದ್ದರು ಅಂತ ಅವರು ನೆನೆಯುತ್ತಾರೆ. ಕೈಯಲ್ಲಿ ಬರೆದರೆ ತಪ್ಪಿಲ್ಲ, ಮಷೀನಲ್ಲಿ ತೆಗೆದರೆ ತಪ್ಪು ಅಂದರೆ ಹೇಗೆ, ಅಲ್ವಾ?

ಇದಕ್ಕೆಲ್ಲ ಆಧಾರ 1957ರ ಕಾಪಿರೈಟ್ ಕಾಯ್ದೆಯ 52(1)(ಐ) ಸೆಕ್ಷನ್. ಪಾಠ ಹೇಳುವ ಭಾಗವಾಗಿ ಅಧ್ಯಾಪಕರೋ ವಿದ್ಯಾರ್ಥಿಯೋ ಪ್ರತಿ ಮಾಡಿಕೊಂಡರೆ ಅದು ಉಲ್ಲಂಘನೆ ಅಲ್ಲ. ಪ್ರಕಾಶಕರು ಮೇಲ್ಮನವಿ ಹಾಕಿದರು. ಡಿಸೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವೂ ಈ ಅರ್ಥವನ್ನೇ ಎತ್ತಿಹಿಡಿಯಿತು. ಪುಸ್ತಕದ ಇಷ್ಟು ಪರ್ಸೆಂಟ್ ಮಾತ್ರ ಅಂತ ಮಿತಿ ಹಾಕಲಿಲ್ಲ, ಪಾಠಕ್ಕೆ ಬೇಕಿತ್ತೇ ಅನ್ನುವುದಷ್ಟೇ ಪ್ರಶ್ನೆ ಅಂದಿತು. ಪ್ಯಾಕ್‌ನಲ್ಲಿದ್ದದ್ದು ನಿಜಕ್ಕೂ ಪಾಠಕ್ಕೆ ಬೇಕಿತ್ತೇ, ಕೆಲವು ಪುಸ್ತಕಗಳನ್ನು ಇಡಿಯಾಗಿ ಪ್ರತಿ ಮಾಡಿದ್ದು ಸರಿಯೇ ಅನ್ನುವುದನ್ನು ವಿಚಾರಣೆಯಲ್ಲಿ ನೋಡಿ ಅಂತ ಕೆಳಗೆ ಕಳಿಸಿತು. ಆದರೆ 2017ರ ಮಾರ್ಚ್‌ನಲ್ಲಿ ಪ್ರಕಾಶಕರೇ ಕೇಸ್ ವಾಪಸ್ ತೆಗೆದುಕೊಂಡರು. ಲೈಸೆನ್ಸ್ ಮಾರುವ ಸಂಸ್ಥೆ ಐಆರ್‌ಆರ್‌ಒ ಸುಪ್ರೀಂ ಕೋರ್ಟಿಗೂ ಹೋಯಿತು, ಅಲ್ಲಿಯೂ ಕೆಲಸ ಆಗಲಿಲ್ಲ.

ಹಾಗಂತ ಇನ್ನೂರು ಪುಟದ ಕನ್ನಡ ವಿಮರ್ಶಾ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಜೆರಾಕ್ಸ್ ಮಾಡಿಸಿ ಹಂಚಬೇಡಿ. ಅದಕ್ಕೆ ಬೆಲೆಯೇ ಒಂದೂವರೆ ದೋಸೆಯಷ್ಟಿರುತ್ತದೆ, ಕೊಂಡುಕೊಳ್ಳಲಿ.

ಪ್ರಶ್ನೆ: ಮಗಳು ಕೆನಡಾದಲ್ಲಿ ಓದುತ್ತಿದ್ದಾಳೆ. ಅಲ್ಲಿ ಎಷ್ಟೋ ಯೂನಿವರ್ಸಿಟಿಗಳು ಈ ಲೈಸೆನ್ಸ್ ಫೀ ಕಟ್ಟುವುದನ್ನೇ ಬಿಟ್ಟಿವೆ ಅನ್ನುತ್ತಾಳೆ. ಅಷ್ಟು ಶಿಸ್ತಿನ ದೇಶದಲ್ಲಿ ಹಾಗಾಗುತ್ತದೆಯೇ?

ಉತ್ತರ: ಆಗಿದೆ. ಲೇಖಕರು, ಪ್ರಕಾಶಕರ ಪರವಾಗಿ ಲೈಸೆನ್ಸ್ ಫೀ ವಸೂಲಿ ಮಾಡುವ ಆಕ್ಸೆಸ್ ಕಾಪಿರೈಟ್ ಅನ್ನುವ ಸಂಸ್ಥೆಗೆ ಅಲ್ಲಿನ ಯೂನಿವರ್ಸಿಟಿಗಳು ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 3.38 ಡಾಲರ್, ಜೊತೆಗೆ ಕೋರ್ಸ್ ಪ್ಯಾಕ್ ಪುಟಕ್ಕೆ 10 ಸೆಂಟ್ ಕಟ್ಟುತ್ತಿದ್ದವು. 2010ರಲ್ಲಿ ಸಂಸ್ಥೆ ಏಕ್‌ದಂ ತಲೆಗೆ 45 ಡಾಲರ್ ಕೇಳಿತು. ಟೊರಾಂಟೊ, ವೆಸ್ಟರ್ನ್ ಯೂನಿವರ್ಸಿಟಿಗಳು ಚೌಕಾಸಿ ಮಾಡಿ 27.50ಕ್ಕೆ ಒಪ್ಪಿಕೊಂಡವು. ಯಾರ್ಕ್ ಯೂನಿವರ್ಸಿಟಿ ಮಾತ್ರ 2011ರಲ್ಲೇ ನಿಮ್ಮ ಸಹವಾಸ ಸಾಕು ಅಂತ ಹೊರಗೆ ಬಂತು, ಕೋರ್ಟು ಕಂಡಿತು. ಕೆಳಗೆ ಸೋತಿತು, ಮೇಲೆ ಅರ್ಧ ಗೆದ್ದಿತು. ಕೊನೆಗೆ 2021ರ ಜುಲೈ 30ರಂದು ಅಲ್ಲಿನ ಸುಪ್ರೀಂ ಕೋರ್ಟ್, ಲೈಸೆನ್ಸ್ ಬೇಡ ಅಂದವರ ಮೇಲೆ ಈ ದರವನ್ನು ಹೇರುವ ಹಾಗಿಲ್ಲ ಅಂತ ತೀರ್ಮಾನಿಸಿತು. ಅಷ್ಟರಲ್ಲಿ, 2019ರ ಡಿಸೆಂಬರ್‌ನಲ್ಲಿ, ಈ ದರ ನಿಗದಿ ಮಾಡುವ ಅಲ್ಲಿನ ಕಾಪಿರೈಟ್ ಬೋರ್ಡ್ 2015ರಿಂದ 2017ರವರೆಗಿನ ದರವನ್ನು 14.31 ಡಾಲರ್‌ಗೆ ಇಳಿಸಿಯೂ ಆಗಿತ್ತು. 45 ಎಲ್ಲಿ, 14 ಎಲ್ಲಿ! ಯಾರ್ಕ್ ಮಾಡಿದ ಪ್ರತಿಗಳೆಲ್ಲ ನ್ಯಾಯವೇ ಅನ್ನುವುದನ್ನು ಮಾತ್ರ ಕೋರ್ಟ್ ತೀರ್ಮಾನ ಮಾಡಲಿಲ್ಲ. ಈ ಜಗ್ಗಾಟದಲ್ಲಿ ಅಲ್ಲಿನ ಲೇಖಕರಿಗೆ ವರ್ಷ ವರ್ಷ ಬರುತ್ತಿದ್ದ ಸಣ್ಣ ಚೆಕ್ಕಿಗೆ ಪೆಟ್ಟು ಬಿತ್ತು. ಅವರ ಸಿಟ್ಟು ಸುಳ್ಳು ಅಂತ ನಾನಂತೂ ಹೇಳಲಾರೆ.

ಪ್ರಶ್ನೆ: ನಮ್ಮದು ಖಾಸಗಿ ಕಾಲೇಜು. ಸರ್ಕಾರದವರು ಜರ್ನಲ್‌ಗಳನ್ನೆಲ್ಲ ಫ್ರೀ ಮಾಡಿದ್ದಾರಂತಲ್ಲ, ನಮಗೂ ಸಿಗುತ್ತದೆಯೇ?

ಉತ್ತರ: ನೀವು ಕೇಳುತ್ತಿರುವುದು 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಇದಕ್ಕೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಇದರಲ್ಲಿವೆ. ಫ್ರೀ ಏನಲ್ಲ, ಫೀ ಕಟ್ಟುವ ಕೈ ಬದಲಾಗಿದೆ ಅಷ್ಟೇ. ಯೋಜನೆ ಶುರುವಾಗಿದ್ದು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜು, ಸಂಶೋಧನಾ ಸಂಸ್ಥೆಗಳಿಗಾಗಿ. ಅದರಲ್ಲಿ ಸೇರದ ಖಾಸಗಿಯವರು ತಾವೇ ಚಂದಾ ಕಟ್ಟಬೇಕು. ಕಟ್ಟುವಾಗ ಕರಾರು ಪತ್ರ ಪೂರ್ತಿ ಓದಿ. ತರಗತಿಗೆ ಪ್ರತಿ ಮಾಡಬಾರದು ಅಂತ ಒಂದು ಸಾಲು ಎಲ್ಲೋ ಮೂಲೆಯಲ್ಲಿ ಇದ್ದರೆ, 52ನೇ ಸೆಕ್ಷನ್ ತೋರಿಸಿ ಅದನ್ನು ಹೊಡೆದುಹಾಕಿಸಿದ ಮೇಲೆ ಸಹಿ ಮಾಡಿ.