ಲಿನಕ್ಸ್‌ನಲ್ಲಿ ವೈಫೈ ಬರುತ್ತಿಲ್ಲವೇ? ಮೊದಲು ಕಾರ್ಡಿನ ನಂಬರ್ ನೋಡಿ

ಓದುಗರ ಪ್ರಶ್ನೆ – ನಮ್ಮ ಉತ್ತರ

ಮುಂಬಯಿ, ಪುಣೆ, ಗೋವಾ ಕಡೆಯ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವೈಫೈ ಬಗ್ಗೆಯೇ ಇವೆ. ಕಮಾಂಡುಗಳನ್ನು ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿದ್ದೇವೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

ಪ್ರಶ್ನೆ: ಸುಮಾರು ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ 22 ಹಾಕಿದ್ದೇನೆ. ಉಳಿದದ್ದೆಲ್ಲ ಚೆನ್ನಾಗಿದೆ, ವೈಫೈ ಎಂಬ ಸಾಲೇ ಕಾಣುವುದಿಲ್ಲ. ಈ ಕಾರ್ಡ್ ಲಿನಕ್ಸಿಗೆ ಆಗುವುದಿಲ್ಲ, ವಿಂಡೋಸ್ ಹಾಕಿಸಿಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ಲ್ಯಾನ್ ಕೇಬಲ್ ಸಿಕ್ಕಿಸುವ ಜಾಗವೂ ಕೆಟ್ಟಿದೆ. ನೆಟ್ಟೇ ಇಲ್ಲದೆ ಡ್ರೈವರ್ ಇಳಿಸಿಕೊಳ್ಳುವುದು ಹೇಗೆ?
— ಓದುಗರು, ಡೊಂಬಿವಲಿ

ಉತ್ತರ: ‘ಆಗುವುದಿಲ್ಲ’ ಎಂದವರು ಕಾರ್ಡ್ ಯಾವುದೆಂದು ನೋಡಿರಲಿಕ್ಕಿಲ್ಲ. ಲ್ಯಾಪ್‌ಟಾಪಿನ ಕಂಪನಿ, ಮಾಡೆಲ್ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಒಂದೇ ಮಾಡೆಲಿನಲ್ಲಿ ಮೂರು ಬಗೆಯ ವೈಫೈ ಚಿಪ್ ಬಂದಿರುವುದುಂಟು. ಬೇಕಾದದ್ದು ಚಿಪ್ಪಿನ ನಂಬರ್. ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ’ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಹಾಕಿ ಅದಕ್ಕೆ ಅಂಟಿಕೊಂಡಂತೆ ‘ಎನ್‌ಎನ್‌ಕೆ’ ಬರೆದು ಎಂಟರ್ ಒತ್ತಿ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂದಿರುವ ಸಾಲಿನ ಕೊನೆಗೆ ನಡುವೆ ಎರಡು ಚುಕ್ಕೆಯಿರುವ ಜೋಡಿ ಸಂಖ್ಯೆ ಇರುತ್ತದೆ. ಮೊದಲರ್ಧ ಚಿಪ್ ಮಾಡಿದವರದು: 14ಇ4 ಎಂದರೆ ಬ್ರಾಡ್‌ಕಾಮ್, 8086 ಇಂಟೆಲ್, 10ಇಸಿ ರಿಯಲ್‌ಟೆಕ್, 168ಸಿ ಅಥೆರೋಸ್, 14ಸಿ3 ಮೀಡಿಯಾಟೆಕ್. ಎರಡನೆಯ ಅರ್ಧ ಚಿಪ್ಪಿನ ಗುರುತು.

ನೀವು ಹೇಳಿದ ಲಕ್ಷಣ ಮತ್ತು ಕಾಲ ನೋಡಿದರೆ 14ಇ4:4365, ಅಂದರೆ ಬ್ರಾಡ್‌ಕಾಮ್ ಬಿಸಿಎಂ43142 ಇರುವ ಸಾಧ್ಯತೆಯೇ ಹೆಚ್ಚು. 2013ರಿಂದ ಕೆಲವು ವರ್ಷ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಇದು ಎಲ್ಲೆಲ್ಲೂ ಇತ್ತು. ಇದರ ಕೆಳಗೆ ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಎಂದು ಬರೆದು ಮುಂದೆ ‘ಬಿಸಿಎಂಎ-ಪಿಸಿಐ-ಬ್ರಿಡ್ಜ್’ ಎಂದು ಕಾಣಬಹುದು. ಡ್ರೈವರ್ ಇದೆಯಲ್ಲ ಎಂದು ಮೋಸ ಹೋಗಬೇಡಿ. ಅದು ಚಿಪ್ಪನ್ನು ಗುರುತಿಸಿ ಹಿಡಿದುಕೊಂಡಿದೆ ಅಷ್ಟೆ, ವೈಫೈ ನಡೆಸುವ ಶಕ್ತಿ ಅದಕ್ಕಿಲ್ಲ. ಈ ಚಿಪ್ಪಿಗೆ ಕರ್ನೆಲಿನ (ಲಿನಕ್ಸಿನ ತಿರುಳು) ಒಳಗೇ ಇರುವ ಡ್ರೈವರುಗಳಲ್ಲಿ ‘ಬಿ43’ ಕೂಡ ಆಗುವುದಿಲ್ಲ, ‘ಬಿಆರ್‌ಸಿಎಂಎಸ್‌ಮ್ಯಾಕ್’ ಕೂಡ ಆಗುವುದಿಲ್ಲ. ಬ್ರಾಡ್‌ಕಾಮ್‌ನವರದೇ ಮುಚ್ಚಿದ ಡ್ರೈವರ್ ‘ಡಬ್ಲ್ಯೂಎಲ್’ ಒಂದೇ ದಾರಿ.

ಇನ್ನು ನೆಟ್ಟಿನ ಮಾತು. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಲಿನಕ್ಸ್ ಅದನ್ನು ಲ್ಯಾನ್ ಕೇಬಲ್ಲೆಂದೇ ತಿಳಿದು ತಾನಾಗಿ ಜೋಡಿಸಿಕೊಳ್ಳುತ್ತದೆ, ಬೇರೆ ಡ್ರೈವರ್ ಬೇಡ. ಫೋನು ಮನೆಯ ವೈಫೈನಲ್ಲಿದ್ದರೆ ಆ ವೈಫೈಯೇ ಕೇಬಲ್ಲಿನಲ್ಲಿ ಹರಿದು ಬರುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಟೆದರಿಂಗ್ ಬಟನ್ ಮಂಕಾಗಿಯೇ ಇದ್ದರೆ ಕೇಬಲ್ ಬದಲಿಸಿ. ಬರೇ ಚಾರ್ಜ್ ಆಗುವ ಕೇಬಲ್ಲುಗಳಲ್ಲಿ ಡೇಟಾದ ತಂತಿಯೇ ಇರುವುದಿಲ್ಲ. ಇನ್ನೊಂದು ದಾರಿ, ಮಿಂಟ್ ಹಾಕಲು ಬಳಸಿದ ಪೆನ್‌ಡ್ರೈವ್ ಸಿಕ್ಕಿಸಿ ‘ಡ್ರೈವರ್ ಮ್ಯಾನೇಜರ್’ ತೆರೆಯುವುದು. ನೆಟ್ ಇಲ್ಲದಿದ್ದರೆ ಅದು ಪೆನ್‌ಡ್ರೈವಿನಿಂದಲೇ ಬ್ರಾಡ್‌ಕಾಮ್ ಡ್ರೈವರನ್ನು ಎತ್ತಿಕೊಳ್ಳಬಲ್ಲದು.

ಡ್ರೈವರ್ ಮ್ಯಾನೇಜರಿನಲ್ಲಿ ‘ಬಿಸಿಎಂಡಬ್ಲ್ಯೂಎಲ್-ಕರ್ನೆಲ್-ಸೋರ್ಸ್’ ಆರಿಸಿ. ಹೊಸ ಕರ್ನೆಲಿನಲ್ಲಿ ಅದು ಕಂಪೈಲ್ ಆಗದೆ (ಸೋರ್ಸ್ ಕೋಡಿನಿಂದ ಡ್ರೈವರ್ ತಯಾರಾಗದೆ) ಮಧ್ಯೆ ನಿಂತರೆ, ಅದನ್ನು ಪೂರ್ತಿ ತೆಗೆದು ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’ ಹಾಕಿ. ಡೆಬಿಯನ್ ಎಂಬ ಇನ್ನೊಂದು ಬಗೆಯ ಲಿನಕ್ಸ್‌ನಲ್ಲಿರುವುದು ಇದೇ. ಎರಡನ್ನೂ ಒಟ್ಟಿಗೆ ಇಡಬೇಡಿ.

ಇಲ್ಲಿಯವರೆಗೆ ಸುಲಭ. ಹೆಚ್ಚಿನವರು ಮುಗ್ಗರಿಸುವುದು ಇದರ ಮುಂದೆ. ಲ್ಯಾಪ್‌ಟಾಪಿನಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ, ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಕರ್ನೆಲ್ ಒಳಗೆ ಬಿಡುವುದಿಲ್ಲ. ಆದ್ದರಿಂದ ಇನ್‌ಸ್ಟಾಲ್ ಆಗುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಎಂಟು ಅಕ್ಷರವಾದರೂ ಇರಲಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬಂದು, ಯಾವುದಾದರೂ ಕೀ ಒತ್ತಿ ಎಂದು ಹತ್ತು ಸೆಕೆಂಡ್ ಎಣಿಸುತ್ತದೆ. ಆಗಲೇ ಒತ್ತಬೇಕು. ‘ಎನ್‌ರೋಲ್ ಎಂಒಕೆ’ (ಸಹಿಯ ಕೀ ದಾಖಲಿಸು) ಆರಿಸಿ, ‘ಕಂಟಿನ್ಯೂ’, ‘ಯೆಸ್’, ಆ ಪಾಸ್‌ವರ್ಡ್, ಆಮೇಲೆ ರೀಬೂಟ್. ಚಹಾ ತರಲು ಎದ್ದು ಹೋದಿರೋ, ಪರದೆ ತಾನೇ ಮಾಯವಾಗಿ ಲಿನಕ್ಸ್ ಶುರುವಾಗುತ್ತದೆ. ಡ್ರೈವರ್ ಇದ್ದೂ ವೈಫೈ ಇಲ್ಲ. ಹಾಗಾಗಿದೆಯೇ ಎಂದು ತಿಳಿಯಲು ‘ಸುಡೊ ಮಾಡ್‌ಪ್ರೋಬ್ ಡಬ್ಲ್ಯೂಎಲ್’ ಕೊಟ್ಟು ನೋಡಿ. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದು ಬಂದರೆ ಸಹಿ ದಾಖಲಾಗಿಲ್ಲವೆಂದೇ ಅರ್ಥ. ‘ಸುಡೊ ಎಂಒಕೆಯುಟಿಲ್’ ಬರೆದು, ಎರಡು ಅಡ್ಡಗೆರೆ ಹಾಕಿ ‘ಇಂಪೋರ್ಟ್’, ಅದರ ಮುಂದೆ ಕೀ ಫೈಲಿನ ದಾರಿ ಕೊಡಿ. ಮಿಂಟ್, ಉಬುಂಟುಗಳಲ್ಲಿ ಆ ಫೈಲ್ ‘ವಾರ್’, ‘ಲಿಬ್’, ‘ಶಿಮ್-ಸೈನ್ಡ್’, ‘ಎಂಒಕೆ’ ಎಂಬ ಫೋಲ್ಡರುಗಳ ಒಳಗಿರುತ್ತದೆ. ಹೆಸರು ‘ಎಂಒಕೆ ಚುಕ್ಕೆ ಡಿಇಆರ್’, ಇದರಲ್ಲಿ ಎಂಒಕೆ ಮಾತ್ರ ದೊಡ್ಡಕ್ಷರ. ಸೆಕ್ಯೂರ್ ಬೂಟನ್ನೇ ಬಯೋಸ್‌ನಲ್ಲಿ ಆಫ್ ಮಾಡಿದರೂ ಕೆಲಸ ಆಗುತ್ತದೆ. ಆದರೆ ಅದೇ ಯಂತ್ರದಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ಬೀಗ) ಹಾಕಿದ ವಿಂಡೋಸ್ ಇದ್ದರೆ ಅದು ರಿಕವರಿ ಕೀ ಕೇಳಿ ಕೂರುತ್ತದೆ, ಜೋಕೆ.

ವೈಫೈ ಬಂದ ಮೇಲೂ ಕೆಲವು ಮಿತಿಗಳು ಉಳಿಯುತ್ತವೆ. ಈ ಚಿಪ್ 2.4 ಗಿಗಾಹರ್ಟ್ಸ್‌ನದು ಮಾತ್ರ. ರೌಟರಿನ ‘5ಜಿ’ ಹೆಸರು ಫೋನಿನಲ್ಲಿ ಕಂಡು ಲ್ಯಾಪ್‌ಟಾಪಿನಲ್ಲಿ ಕಾಣದಿದ್ದರೆ ಅದು ದೋಷವಲ್ಲ. ಡಬ್ಲ್ಯೂಎಲ್‌ಗೆ ಡಬ್ಲ್ಯೂಪಿಎ3 ಎಂಬ ಹೊಸ ವೈಫೈ ಭದ್ರತೆ ಬರುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದೂ ಮತ್ತೆ ಮತ್ತೆ ಕೇಳುತ್ತಿದ್ದರೆ ರೌಟರಿನಲ್ಲಿ ಡಬ್ಲ್ಯೂಪಿಎ2 ಇಡಿ. ಬ್ರಾಡ್‌ಕಾಮ್ ಈ ಡ್ರೈವರನ್ನು ಮುಟ್ಟಿ ಎಷ್ಟೋ ವರ್ಷವಾಯಿತು, 2015ರ ಆವೃತ್ತಿಗೇ ಡೆಬಿಯನ್, ಉಬುಂಟು ಮಂದಿ ತೇಪೆ ಹಾಕುತ್ತಾ ನಡೆಸಿದ್ದಾರೆ. ಹಾಗಾಗಿ ಪ್ರತಿ ಹೊಸ ಕರ್ನೆಲ್ ಬಂದಾಗಲೂ ಹಳೆಯದೊಂದನ್ನು ಅಳಿಸದೆ ಇಟ್ಟುಕೊಳ್ಳಿ.

ಪ್ರಶ್ನೆ: ಅಪ್‌ಡೇಟ್ ಆದ ಮಾರನೇ ದಿನ ವೈಫೈ ಹೋಯಿತು. ಮೊದಲು ಚೆನ್ನಾಗಿಯೇ ಇತ್ತು. ಕಾರ್ಡ್ ಸುಟ್ಟಿದೆಯೇ?
— ಓದುಗರು, ಚಿಂಚವಾಡ

ಉತ್ತರ: ಇಲ್ಲ. ಹೊರಗಿನಿಂದ ಹಾಕಿದ ಡ್ರೈವರ್ ಪ್ರತಿ ಕರ್ನೆಲಿಗೂ ಹೊಸದಾಗಿ ಕಂಪೈಲ್ ಆಗಬೇಕು. ಅದನ್ನು ಡಿಕೆಎಂಎಸ್ ಎಂಬ ಸಾಧನ ತಾನೇ ಮಾಡುತ್ತದೆ, ಆದರೆ ಆ ಕರ್ನೆಲಿನ ‘ಹೆಡರ್ಸ್’ (ಕಂಪೈಲ್ ಮಾಡಲು ಬೇಕಾದ ಫೈಲುಗಳು) ಪ್ಯಾಕೇಜ್ ಇದ್ದರೆ ಮಾತ್ರ. ಬೂಟ್ ಆಗುವಾಗ ಗ್ರಬ್ ಎಂಬ ಬೂಟ್ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ಗೆ ಹೋಗಿ ಹಳೆಯ ಕರ್ನೆಲ್ ಆರಿಸಿ; ವೈಫೈ ಬಂದರೆ ರೋಗ ಸಿಕ್ಕಿತು. ಡೆಬಿಯನ್‌ನಲ್ಲಿ ‘ಲಿನಕ್ಸ್-ಹೆಡರ್ಸ್-ಎಎಂಡಿ64’, ಉಬುಂಟುವಿನಲ್ಲಿ ‘ಲಿನಕ್ಸ್-ಹೆಡರ್ಸ್-ಜೆನೆರಿಕ್’ ಹಾಕಿದರೆ ಮುಂದಿನ ಕರ್ನೆಲುಗಳ ಜೊತೆ ಹೆಡರ್ಸ್ ಕೂಡ ತಾನಾಗಿ ಬರುತ್ತವೆ. ಒಂದೇ ಆವೃತ್ತಿಯ ಹೆಡರ್ಸ್ ಹಾಕಿದರೆ ಮುಂದಿನ ಅಪ್‌ಡೇಟಿಗೆ ಮತ್ತೆ ಇದೇ ಹಾಡು. ಕೊನೆಗೆ ‘ಡಿಕೆಎಂಎಸ್ ಸ್ಟೇಟಸ್’ ಎಂದು ಕೇಳಿ, ಈಗಿನ ಕರ್ನೆಲಿನ ಮುಂದೆ ‘ಇನ್‌ಸ್ಟಾಲ್ಡ್’ ಇದೆಯೇ ನೋಡಿ.

ಪ್ರಶ್ನೆ: ತಪಕೀರ್ ಗಲ್ಲಿಯಲ್ಲಿ ಒಂದು ಪುಟ್ಟ ಯುಎಸ್‌ಬಿ ವೈಫೈ ಡಾಂಗಲ್ ಕೊಂಡೆ. ‘ಲಿನಕ್ಸ್ ಸಪೋರ್ಟ್’ ಎಂದು ಡಬ್ಬಿಯ ಮೇಲಿದೆ. ಹಾಕಿದರೆ ಸಿಡಿ ಡ್ರೈವ್ ಎಂದು ತೋರಿಸುತ್ತದೆ! ಬದಲಿಸಿಕೊಳ್ಳುವುದಾದರೆ ಯಾವುದನ್ನು ತರಲಿ?
— ಓದುಗರು, ಪುಣೆ

ಉತ್ತರ: ಡಾಂಗಲ್ ಕೆಟ್ಟಿಲ್ಲ. ವಿಂಡೋಸ್ ಡ್ರೈವರನ್ನು ಅದರೊಳಗೇ ಇಟ್ಟು, ಮೊದಲು ಸಿಡಿಯಂತೆ ಕಾಣಿಸಿಕೊಳ್ಳುವ ಹಾಗೆ ಮಾಡಿರುತ್ತಾರೆ. ‘ಎಲ್‌ಎಸ್‌ಯುಎಸ್‌ಬಿ’ ಕೊಟ್ಟಾಗ 0ಬಿಡಿಎ:1ಎ2ಬಿ ಎಂದು ಕಂಡರೆ ಇದೇ ಕತೆ. ‘ಯುಎಸ್‌ಬಿ-ಮೋಡ್‌ಸ್ವಿಚ್’ ಪ್ಯಾಕೇಜ್ ಹಾಕಿ, ಅಥವಾ ಫೈಲ್ ಮ್ಯಾನೇಜರಿನಲ್ಲಿ ಆ ಸಿಡಿಯನ್ನು ‘ಇಜೆಕ್ಟ್’ ಮಾಡಿ ನೋಡಿ. ಸಿಡಿ ಮಾಯವಾಗಿ ಬೇರೆ ನಂಬರ್ ಬರಬೇಕು. ನಿಜವಾದ ಚಿಪ್ಪಿನ ಗುರುತು ಅದು. ಡ್ರೈವರ್ ಹುಡುಕಬೇಕಾದದ್ದು ಆ ನಂಬರಿಗೆ.

ಡಬ್ಬಿಯ ಮೇಲಿನ ‘ಲಿನಕ್ಸ್ ಸಪೋರ್ಟ್’ಗೆ ಬೆಲೆ ಕೊಡಬೇಡಿ. ಯಾವುದೋ ಹಳೆಯ ಕರ್ನೆಲಿಗೆ ಬರೆದ ಸೋರ್ಸ್ ಕೋಡನ್ನು ಸಿಡಿಯಲ್ಲಿ ತುಂಬಿ ಹಾಗೆ ಬರೆದಿರುವುದೂ ಉಂಟು. ಮಾಡೆಲ್ ಹೆಸರೂ ಸಾಲದು: ಟಿಪಿ-ಲಿಂಕ್ ಟಿಎಲ್-ಡಬ್ಲ್ಯೂಎನ್722ಎನ್ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಎಆರ್9271 ಇತ್ತು, ಎರಡನೆಯದರಿಂದ ರಿಯಲ್‌ಟೆಕ್ 8188 ಬಂತು. ಹೊರಗಿನ ರೂಪ ಅದೇ, ಒಳಗೆ ಬೇರೆಯೇ ಜೀವ. ಬದಲಿಸುವುದಾದರೆ ಚಿಪ್ಪಿನ ಹೆಸರು ಕೇಳಿ ತನ್ನಿ. ಅಗ್ಗದಲ್ಲಿ ಸಾಕೆಂದರೆ ಮೀಡಿಯಾಟೆಕ್ ಎಂಟಿ7601ಯು, ಅದರ ಡ್ರೈವರ್ ಕರ್ನೆಲ್ 4.2ರಿಂದ ಒಳಗೇ ಇದೆ. 5 ಗಿಗಾಹರ್ಟ್ಸ್ ಬೇಕೆಂದರೆ ಎಂಟಿ7612ಯು, 4.19ರಿಂದ. ಅಂಗಡಿಯವರಿಗೆ ಚಿಪ್ ಗೊತ್ತಿಲ್ಲದಿದ್ದರೆ ಲಿನಕ್ಸ್ ಇರುವ ಪೆನ್‌ಡ್ರೈವ್ ಜೊತೆಗೆ ಒಯ್ದು, ಅವರ ಕಂಪ್ಯೂಟರಿನಲ್ಲೇ ಬೂಟ್ ಮಾಡಿ ಪರೀಕ್ಷಿಸಲು ಬಿಡುತ್ತಾರೆಯೇ ಕೇಳಿ.

ಪ್ರಶ್ನೆ: ಹೊಸ ಲ್ಯಾಪ್‌ಟಾಪಿಗೆ ಡೆಬಿಯನ್ 12 ಹಾಕಿದೆ. ನಂಬರ್ 10ಇಸಿ:ಬಿ852. ಡ್ರೈವರ್ ಎಲ್ಲೂ ಇಲ್ಲ.
— ಓದುಗರು, ಠಾಣೆ

ಉತ್ತರ: ಅದು ರಿಯಲ್‌ಟೆಕ್ 8852ಬಿಇ. ಇದರ ಡ್ರೈವರ್ ಕರ್ನೆಲಿಗೆ ಸೇರಿದ್ದು 6.2ರಲ್ಲಿ, ಡೆಬಿಯನ್ 12ರ ಕರ್ನೆಲ್ 6.1. ಒಂದು ಮೆಟ್ಟಿಲು ತಪ್ಪಿತು! ಎಲ್ಲಿಂದಲೋ ಕೋಡ್ ತಂದು ಕಂಪೈಲ್ ಮಾಡುವ ಗೋಜು ಬೇಡ. ಬ್ಯಾಕ್‌ಪೋರ್ಟ್ಸ್ ಎಂಬ ಡೆಬಿಯನ್‌ನ ಹೊಸ ಪ್ಯಾಕೇಜುಗಳ ಭಂಡಾರದಿಂದ ಹೊಸ ಕರ್ನೆಲನ್ನೂ ‘ಫರ್ಮ್‌ವೇರ್-ರಿಯಲ್‌ಟೆಕ್’ (ಚಿಪ್ಪಿನೊಳಗೆ ಓಡುವ ತಂತ್ರಾಂಶ) ಅನ್ನೂ ತನ್ನಿ, ಇಲ್ಲವೇ 6.12 ಇರುವ ಡೆಬಿಯನ್ 13ಕ್ಕೆ ಹೋಗಿ. ಕರ್ನೆಲ್ ಮಾತ್ರ ಹೊಸದಾಗಿ ಫರ್ಮ್‌ವೇರ್ ಹಳೆಯದೇ ಉಳಿದರೆ ಕರ್ನೆಲಿನ ಸಂದೇಶಗಳನ್ನು ತೋರಿಸುವ ‘ಡಿಎಂಇಎಸ್‌ಜಿ’ ಕಮಾಂಡಿನಲ್ಲಿ ‘ಫೇಲ್ಡ್ ವಿತ್ ಎರರ್ –2’ ಎಂದು ಬರುತ್ತದೆ. ಆ ಮೈನಸ್ ಎರಡು ಅಂದರೆ ಫೈಲ್ ಇಲ್ಲ ಎಂದಷ್ಟೇ, ಹಾರ್ಡ್‌ವೇರ್ ದೋಷವಲ್ಲ.

ಪ್ರಶ್ನೆ: ಡ್ರೈವರ್ ಗೋಳೇ ಬೇಡವೆಂದು ಕಾರ್ಡನ್ನೇ ಬದಲಿಸಬೇಕೆಂದಿದ್ದೇನೆ. ಮುಂಬಯಿಗೆ ಹೋದಾಗ ಲ್ಯಾಮಿಂಗ್ಟನ್ ರೋಡಿನಿಂದ ಇಂಟೆಲ್ ಎಎಕ್ಸ್201 ತರಬಹುದೇ? ನನ್ನದು ಎಎಂಡಿ ರೈಜೆನ್ ಲ್ಯಾಪ್‌ಟಾಪ್.
— ಓದುಗರು, ವಾಸ್ಕೊ

ಉತ್ತರ: ಕಾರ್ಡ್ ಬದಲಿಸುವ ಯೋಚನೆ ಸರಿ, ಆ ಕಾರ್ಡ್ ಮಾತ್ರ ಬೇಡ. ಎಎಕ್ಸ್201, ಎಎಕ್ಸ್211ಗಳಲ್ಲಿ ಅರ್ಧ ವೈಫೈ ಮಾತ್ರ ಇದೆ, ಉಳಿದರ್ಧ ಇಂಟೆಲ್ ಚಿಪ್‌ಸೆಟ್ಟಿನೊಳಗೆ. ಎಎಂಡಿಯಲ್ಲಿ ಅವು ಸ್ಲಾಟಿಗೆ ಕೂತರೂ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ನಿಮಗೆ ಬೇಕಾದದ್ದು ಎಎಕ್ಸ್200 ಅಥವಾ ಎಎಕ್ಸ್210. ಮೊದಲನೆಯದಕ್ಕೆ ಕರ್ನೆಲ್ 5.1, ಎರಡನೆಯದಕ್ಕೆ 5.10 ಇದ್ದರೆ ಸಾಕು. ಕೊಳ್ಳುವಾಗ ಕೊನೆಯ ಅಂಕಿಯನ್ನು ಕಣ್ಣಿಟ್ಟು ಓದಿ. ‘ಎರಡೂ ಒಂದೇ ಸಾಬ್’ ಎಂದರೆ ನಂಬಬೇಡಿ.

ಹೊರಡುವ ಮೊದಲು ಹಿಂದಿನ ಮುಚ್ಚಳ ಬಿಚ್ಚಿ ಸ್ಲಾಟ್ ನೋಡಿ. ಎಂ.2 ಕಾರ್ಡಾದರೆ 22 ಮಿ.ಮೀ. ಅಗಲ, 30 ಮಿ.ಮೀ. ಉದ್ದ ಇರುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಗ ಈ ಮಾತೇ ಇಲ್ಲ. ಹಳೆಯ ಮಿನಿ ಪಿಸಿಐಇ ಕಾರ್ಡಿನ ಆಂಟೆನಾ ಗುಂಡಿ ದೊಡ್ಡದು, ಎಂ.2ನದು ಅದಕ್ಕಿಂತ ಚಿಕ್ಕದು. ಒಂದರ ತಂತಿ ಇನ್ನೊಂದಕ್ಕೆ ಕೂರುವುದಿಲ್ಲ. ಕೀಳುವ ಮುಂಚೆ ಯಾವ ಬಣ್ಣದ ತಂತಿ ಎಲ್ಲಿದೆ ಎಂದು ಫೋಟೋ ತೆಗೆಯಿರಿ. ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಗುಂಡಿಯನ್ನು ನೇರವಾಗಿ ಮೇಲಕ್ಕೆ ಎತ್ತಿ. ಹೊಸದನ್ನು ಹಾಕುವಾಗ ಗುಂಡಿ ತೂತಿನ ಮೇಲೆ ನೆಟ್ಟಗೆ ಕೂತಿದೆಯೇ ಎಂದು ಬೆರಳಲ್ಲಿ ಸವರಿ ನೋಡಿ, ಆಮೇಲೆ ಉಗುರಿನಿಂದ ಒತ್ತಿ, ‘ಟಕ್’ ಎನ್ನಬೇಕು. ಓರೆಯಾಗಿ ಒತ್ತಿದರೆ ಅಂಚು ನಜ್ಜುಗುಜ್ಜಾಗಿ ಆ ತಂತಿ ಮತ್ತೆ ನಿಲ್ಲುವುದಿಲ್ಲ.

ಹಳೆಯ ಲ್ಯಾಪ್‌ಟಾಪ್ ಇರುವವರಿಗೊಂದು ಎಚ್ಚರಿಕೆ: ಕೆಲವು ಕಂಪನಿಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಯಂತ್ರವನ್ನೇ ನಿಲ್ಲಿಸುತ್ತದೆ. ‘ಅನ್‌ಸಪೋರ್ಟೆಡ್ ವೈರ್‌ಲೆಸ್ ನೆಟ್‌ವರ್ಕ್ ಡಿವೈಸ್’ ಎಂದೋ ‘1802’ ಎಂದೋ ತೋರಿಸಿ ನಿಂತರೆ ಅದಕ್ಕೆ ಲಿನಕ್ಸ್ ಕಾರಣವಲ್ಲ, ಲಿನಕ್ಸ್ ಇನ್ನೂ ಶುರುವೇ ಆಗಿರುವುದಿಲ್ಲ. ಹಳೆಯ ಕಾರ್ಡ್ ಮರಳಿ ಹಾಕಿ, ಯುಎಸ್‌ಬಿ ಡಾಂಗಲ್ ಬಳಸಿ. ಹಾಗಾಗಿ ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಮಾತನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಪ್ರಶ್ನೆ: ವೈಫೈ ಬರುತ್ತದೆ, ಆದರೆ ರೌಟರ್ ಇರುವ ಕೋಣೆಯಲ್ಲಿ ಮಾತ್ರ. ನಂಬರ್ 10ಇಸಿ:ಬಿ723.
— ಓದುಗರು, ಮಾಟುಂಗಾ

ಉತ್ತರ: ರಿಯಲ್‌ಟೆಕ್ 8723ಬಿಇ. ಈ ಕಾರ್ಡಿನಲ್ಲಿ ಆಂಟೆನಾಕ್ಕೆ ಎರಡು ಜಾಗ ಇದ್ದು, ಕೆಲವು ಲ್ಯಾಪ್‌ಟಾಪುಗಳಲ್ಲಿ ಒಂದೇ ತಂತಿ ಹಾಕಿರುತ್ತಾರೆ. ಡ್ರೈವರ್ ಖಾಲಿ ಜಾಗವನ್ನು ಆರಿಸಿಕೊಂಡರೆ ನಿಮಗಾದಂತೆ ಆಗುತ್ತದೆ. ‘ಇಟಿಸಿ’ಯೊಳಗಿನ ‘ಮಾಡ್‌ಪ್ರೋಬ್ ಚುಕ್ಕೆ ಡಿ’ ಫೋಲ್ಡರಿನಲ್ಲಿ ‘ಕಾನ್ಫ್’ ಎಂದು ಮುಗಿಯುವ ಫೈಲೊಂದನ್ನು ಮಾಡಿ, ‘ಆಪ್ಷನ್ಸ್ ಆರ್‌ಟಿಎಲ್8723ಬಿಇ ಎಎನ್‌ಟಿ_ಎಸ್‌ಇಎಲ್=2’ ಎಂಬ ಒಂದೇ ಸಾಲು ಬರೆದು ರೀಸ್ಟಾರ್ಟ್ ಮಾಡಿ. ಸರಿಹೋಗದಿದ್ದರೆ 2ರ ಬದಲು 1. ಬರೇ ಗೆರೆಗಳನ್ನು ನೋಡಿ ತೀರ್ಮಾನಿಸಬೇಡಿ. ಬದಲಿಸುವ ಮೊದಲೊಮ್ಮೆ, ಆಮೇಲೊಮ್ಮೆ, ಅದೇ ಕುರ್ಚಿಯಲ್ಲಿ ಕೂತು ‘ಐಡಬ್ಲ್ಯೂ ಡೆವ್’, ಕಾರ್ಡಿನ ಹೆಸರು, ‘ಲಿಂಕ್’ ಎಂದು ಕೊಟ್ಟು ಸಿಗ್ನಲ್ ಅಳೆಯಿರಿ. ಮೈನಸ್ 50ರ ಆಸುಪಾಸು ಒಳ್ಳೆಯದು, 70 ದುರ್ಬಲ, 80 ದಾಟಿದರೆ ಸಂಪರ್ಕ ನಿಲ್ಲುವುದು ಕಷ್ಟ. ಎರಡೂ ಸಂಖ್ಯೆಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಮುಚ್ಚಳ ಬಿಚ್ಚಿ, ತಂತಿ ಕಳಚಿದೆಯೇ ನೋಡಿ.